ಉಪಾಧ್ಯಾಯರ ಓದು

ಉಪಾಧ್ಯಾಯರಿಗೂ ವ್ಯಾಸಂಗವುಂಟೆಂಬುದನ್ನು ಗೃಹಸ್ಥರಾದ ನಾವು ಅನೇಕ ವೇಳೆ ಮರೆಯುವೆವು. ಕೇಂದ್ರ ಸರಕಾರವು 2017ರಲ್ಲಿ ತೆರೆದ ‘ದೀಕ್ಷಾ’ ಎಂಬ ಅಂತರ್ಜಾಲ ವೇದಿಕೆಯಲ್ಲಿ, 2020ರ ಅಕ್ಟೋಬರಿನಿಂದ ‘ನಿಷ್ಠಾ’ ತರಬೇತಿಯ 18 ಪಾಠಗಳು ಪ್ರಾಥಮಿಕ ಹಂತದ ಉಪಾಧ್ಯಾಯರಿಗೆ ದೊರೆತವು. ತರಬೇತಿಗೆಂದು ಪರಸ್ಥಳಕ್ಕೆ ಹೋಗುವ ಶ್ರಮವು ತಪ್ಪಿತು, ನಿಜ. ಆದರೆ ಓದಿನ ಹೊತ್ತು ಮನೆಗೆಲಸದ ಹೊತ್ತಿನೊಳಕ್ಕೇ ಬಂದು ಸೇರಿತು. ಶಾಲೆಯಿಂದ ಬಂದೊಡನೆ ಒಲೆ ಹಚ್ಚುವ ಉಪಾಧ್ಯಾಯಿನಿಗೆ ಪಾಠವು ರಾತ್ರಿ ಹತ್ತರ ಮೇಲೆಯೇ! ತೂಕಡಿಸುತ್ತ ದೃಶ್ಯಪಾಠವನ್ನು ಓಡಬಿಟ್ಟು, ಕಡೆಯ ಪ್ರಶ್ನೆಗಳಿಗೆ ಗುರುತು ಹಾಕಿ ಪ್ರಮಾಣಪತ್ರ ಪಡೆದರೆ ಅದು ಕಲಿಕೆಯಾದೀತೆ? ಅದಕ್ಕಿಂತ, ನೆರೆಶಾಲೆಗಳ ನಾಲ್ವರು ವಾಟ್ಸ್ಆ್ಯಪ್‌ನಲ್ಲಿ ಬಳಗ ಕಟ್ಟಿಕೊಂಡು, “ಭಿನ್ನರಾಶಿಯನ್ನು ನಾನು ರೊಟ್ಟಿ ಮುರಿದು ತೋರಿಸಿದೆ, ನೀವು ಹೇಗೆ ಹೇಳಿದಿರಿ?” ಎಂದು ವಿಚಾರಿಸಿಕೊಳ್ಳುವುದು ನನ್ನ ಎಣಿಕೆಯಲ್ಲಿ ಹೆಚ್ಚು ಫಲಕಾರಿ. ಮೊದಮೊದಲು ಫೋನಿನ ಗುಟ್ಟುಗಳನ್ನು ಮಕ್ಕಳೇ ತಾಯಿಗೆ ತೋರಿಸಿಕೊಡಲಿ; ಆ ಒಂದು ಗಂಟೆ ಒಲೆಯ ಮುಂದೆ ಯಜಮಾನರು ನಿಲ್ಲಲಿ.