ಮೀಟಿಂಗು ಯಾರ ಗಡಿಯಾರಕ್ಕೆ?



ತೋಟದಲ್ಲಿ ದುಡಿಯುವ ನಿಮಗೆ ಗಂಟೆಯ ಅಧಿಕಾರ ಎಂಥದೆಂದು ನಾವು ಹೇಳಬೇಕಾಗಿಲ್ಲ. ಅದು ಬಡಿದ ಹೊತ್ತಿಗೆ ಮಸ್ಟರಿನಲ್ಲಿ ನಿಲ್ಲಬೇಕು. ಈಗ ನಿಮ್ಮ ಲೈನ್ ಮನೆಗಳ ಓದಿದ ಮಕ್ಕಳೂ, ಇಲ್ಲಿ ಮ್ಹೈಸಾಳ, ಮಿರಜ ಕಡೆಯ ಕಬ್ಬಿನ ಗದ್ದೆಯವರ ಮಕ್ಕಳೂ ಬೆಂಗಳೂರು, ಪುಣೆಗೆ ಹೋಗಿ ಕಂಪ್ಯೂಟರ್ ಕೆಲಸ ಹಿಡಿದಿದ್ದಾರೆ. ಗಂಟೆ ಮಾತ್ರ ಅವರನ್ನು ಬಿಟ್ಟಿಲ್ಲ. ಅದನ್ನು ಈಗ ಕ್ಯಾಲಿಫೋರ್ನಿಯದಲ್ಲಿ ಬಡಿಯುತ್ತಾರೆ.

ಅಲ್ಲಿಯ ಮೇಲಧಿಕಾರಿ ಬೆಳಿಗ್ಗೆ 9ಕ್ಕೆ ಕಾಫಿ ಕುಡಿಯುತ್ತ (ಅದು ನಿಮ್ಮ ತೋಟದ್ದೇ ಇದ್ದೀತು) ಮೀಟಿಂಗು ಕರೆದರೆ ಇಲ್ಲಿ ರಾತ್ರಿ 9.30. ನವೆಂಬರಿನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ. ಆಗ ಇಲ್ಲಿ 10.30, ಮಾರ್ಚಿಯವರೆಗೂ ಹಾಗೆಯೇ. ನಮ್ಮ ಹುಡುಗಿಯನ್ನು ಯಾರೂ ಕೇಳುವುದಿಲ್ಲ. ರಿಯಾದಿನಲ್ಲಿ ಭಾನುವಾರ ಕೆಲಸದ ದಿನ. ಅಲ್ಲಿಯ 8 ಗಂಟೆ ಮೀಟಿಂಗು ಇಲ್ಲಿ 10.30ಕ್ಕೆ, ಸರಿಯಾಗಿ ಆರಾಧನೆಯ ಹೊತ್ತಿಗೆ.

ಭೂಮಿ ದುಂಡಗಿದೆ, ಎಲ್ಲರಿಗೂ ಹೊಂದುವ ಹೊತ್ತು ಎಲ್ಲಿಂದ ತರೋಣ ಎನ್ನುತ್ತಾರೆ ಕಂಪನಿಯವರು. ದುಂಡಗಿರುವುದು ನಿಜ. ಆದರೆ ಕತ್ತಲೆಯೆಲ್ಲ ಒಂದೇ ಕಡೆಯವರ ಪಾಲಿಗೆ ಬರುವುದು ಭೂಮಿಯ ತಪ್ಪೇ?

ಹಗಲು ರಾತ್ರಿಗಳನ್ನು ಮಾಡಿದವನು ದೇವರು. ಗಡಿಯಾರ ಇಟ್ಟವರು ಮನುಷ್ಯರು. 1906ರ ಜನವರಿ 1ರಂದು ದೇಶಕ್ಕೆಲ್ಲ ಒಂದೇ ವೇಳೆ ಎಂದು ಸರ್ಕಾರ ಮಾಡಿತು. ಅದು ಮುಂಬೈಯ ವೇಳೆಗಿಂತ 39 ನಿಮಿಷ ಮುಂದೆ. ಗಿರಣಿ ಕೂಲಿಗಳು ಅಷ್ಟು ಬೇಗ ಏಳಬೇಕು! ಅದೇ ತಿಂಗಳು ಜೇಕಬ್ ಸಸೂನ್ ಗಿರಣಿಯವರು ಹೊಸ ವೇಳೆ ಒಪ್ಪದೆ ಕೆಲಸ ನಿಲ್ಲಿಸಿದರು. ಇನ್ನು ಅಸ್ಸಾಮಿನ ಚಹಾ ತೋಟಗಳಲ್ಲಿ 'ಬಾಗಾನ್ ಟೈಮ್' ಎಂದೇ ಇದೆ, ದೇಶದ ವೇಳೆಗಿಂತ ಒಂದು ಗಂಟೆ ಮುಂದೆ. ಹಗಲು ಬೆಳಕು ದಂಡವಾಗಬಾರದೆಂದು ತೋಟದ ದೊರೆಗಳು ಇಟ್ಟುಕೊಂಡದ್ದು. ಎಲೆ ಕೀಳುವುದಕ್ಕೆ ಗಡಿಯಾರವನ್ನೇ ತಿರುಗಿಸಿದವರುಂಟು. ಮನುಷ್ಯರು ಮಲಗುವುದಕ್ಕೆ ಒಂದು ಮೀಟಿಂಗು ತಿರುಗಿಸಲಾಗದೆ?

ಒಂದು ವಾರ ನಮ್ಮವರು ರಾತ್ರಿ ಕೂರಲಿ, ಮುಂದಿನ ವಾರ ಅವರು ಸಂಜೆ ಕೂರಲಿ. ಬೇಸಿಗೆಯಲ್ಲಿ ನಮ್ಮ ಬೆಳಗಿನ 7.30 ಕ್ಯಾಲಿಫೋರ್ನಿಯದಲ್ಲಿ ಹಿಂದಿನ ದಿನದ ಸಂಜೆ 7. ಕರೆಯುವಾಗ ಎರಡೂ ಊರಿನ ದಿನ, ವೇಳೆ ಬರೆಯಲಿ. ರಾತ್ರಿ ಕೂತದ್ದನ್ನು ಕೆಲಸದ ಹೊತ್ತೆಂದೇ ಲೆಕ್ಕ ಹಿಡಿದು, ಮರುದಿನ ತಡವಾಗಿ ಬರಲು ಬಿಡಲಿ. ಬರೇ ಸುದ್ದಿ ಹೇಳುವುದಿದ್ದರೆ ಬರೆದು ಕಳಿಸಿದರೆ ಸಾಕು.

ಮಗನೋ ಮಗಳೋ ರಾತ್ರಿ ಫೋನಿಗೆ ಸಿಕ್ಕದಿದ್ದರೆ ಸಿಟ್ಟಾಗಬೇಡಿ. ವಾರಕ್ಕೆ ಎಷ್ಟು ರಾತ್ರಿ ಹೀಗೆ ಹೋಗುತ್ತದೆಂದು ಕೇಳಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೇಳಿ. ತಿಂಗಳ ಕೊನೆಗೆ ಆ ಲೆಕ್ಕವನ್ನು ಮೇಲಧಿಕಾರಿಯ ಮುಂದಿಡಲಿ, ಒಬ್ಬೊಬ್ಬರಾಗಿ ಅಲ್ಲ, ಜೊತೆಯವರೆಲ್ಲ ಕೂಡಿ.