ಕೆಂಗೇರಿಯ ಮತ ಯಾರ ಗಂಟು?

ಕೆಂಗೇರಿ, ಉಲ್ಲಾಳ, ಹೇರೋಹಳ್ಳಿಯಿಂದ ತಾವರೆಕೆರೆಯ ಹಳ್ಳಿಗಳವರೆಗೆ ಚಾಚಿಕೊಂಡಿರುವ ಯಶವಂತಪುರ ಕ್ಷೇತ್ರದ ಮತದಾರರು 2013 ಮತ್ತು 2018ರಲ್ಲಿ ಮತಯಂತ್ರದ ಮೇಲೆ ಎಸ್.ಟಿ. ಸೋಮಶೇಖರ್ ಹೆಸರಿನ ಪಕ್ಕ ಹಸ್ತ ಕಂಡರು. 2019ರ ಉಪಚುನಾವಣೆ ಮತ್ತು 2023ರಲ್ಲಿ ಅದೇ ಹೆಸರಿನ ಪಕ್ಕ ಕಮಲವಿತ್ತು. ನಾಲ್ಕು ಸಲವೂ ಎದುರು ನಿಂತು ಸೋತವರು ಜೆಡಿಎಸ್‌ನ ಟಿ.ಎನ್. ಜವರಾಯಿಗೌಡರು, ಪಕ್ಷ ಬಿಡದೆ ಕೂತವರಿಗೆ ಸಿಗುವ ಕೂಲಿ ಇಷ್ಟೇ ಇರಬೇಕು. ಕಮಲದಿಂದ ಗೆದ್ದ ಸೋಮಶೇಖರ್ 2024ರ ಫೆಬ್ರವರಿ 27ರಂದು ರಾಜ್ಯಸಭೆಗೆ ಕಾಂಗ್ರೆಸ್ ಅಭ್ಯರ್ಥಿಯ ಪರ ಮತ ಹಾಕಿದರು. 2025ರ ಮೇ ತಿಂಗಳಲ್ಲಿ ಬಿಜೆಪಿ ಅವರನ್ನು ಆರು ವರ್ಷಗಳ ಮಟ್ಟಿಗೆ ಉಚ್ಚಾಟಿಸಿತು. ಆದರೆ ರಾಜ್ಯಸಭೆ ಚುನಾವಣೆಯ ಮತಕ್ಕೆ ವಿಪ್ ಅನ್ವಯಿಸದು, ಪಕ್ಷ ಹೊರಹಾಕಿದ ಮಾತ್ರಕ್ಕೆ ಶಾಸಕ ಸ್ಥಾನವೂ ಹೋಗದು.

ಪಕ್ಷ ಬದಲಿಸಿದ್ದರಲ್ಲಿ ತಪ್ಪೇನು, 2019ರಲ್ಲಿ ಜನರೇ ಅವರನ್ನು ಮತ್ತೆ ಗೆಲ್ಲಿಸಲಿಲ್ಲವೇ ಎಂದು ಕೇಳುವವರಿದ್ದಾರೆ. ಗೆಲ್ಲಿಸಿದ್ದು ನಿಜ, ಅದೂ 27 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ. ಆದರೆ ಆಗ ಜನರ ಮುಂದಿದ್ದ ಆಯ್ಕೆ ಯಾವುದು? ಜುಲೈನಲ್ಲೇ ಕಾಂಗ್ರೆಸ್-ಜೆಡಿಎಸ್ ಮೈತ್ರಿ ಸರ್ಕಾರ ಉರುಳಿ ಬಿಜೆಪಿಯ ಯಡಿಯೂರಪ್ಪ ಮುಖ್ಯಮಂತ್ರಿಯಾಗಿದ್ದರು. ಸ್ಪೀಕರ್ ರಮೇಶ್ ಕುಮಾರ್ ಸೋಮಶೇಖರ್ ಸೇರಿ 17 ಶಾಸಕರನ್ನು ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅನರ್ಹಗೊಳಿಸಿದ್ದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಅವಧಿ ನಿಗದಿ ಮಾಡುವ ಅಧಿಕಾರ ಸ್ಪೀಕರ್‌ಗೆ ಇಲ್ಲವೆಂದಿತು. ಮೂರು ವಾರದಲ್ಲಿ 15 ಕಡೆ ಮತದಾನ ನಡೆದು 12 ಬಿಜೆಪಿ ಪಾಲಾದವು. 2018ರ ಮತಕ್ಕೆ ದ್ರೋಹವಾಯಿತೇ ಎಂದು ತೀರ್ಪು ಕೊಡುವ ಚುನಾವಣೆ ಅದಾಗಿರಲಿಲ್ಲ. ಮಂತ್ರಿ ಬೇಕೋ, ವಿರೋಧ ಪಕ್ಷದ ಶಾಸಕ ಬೇಕೋ ಎಂಬ ವ್ಯಾಪಾರವಾಗಿತ್ತು. 2020ರ ಫೆಬ್ರವರಿಯಲ್ಲಿ ಸೋಮಶೇಖರ್ ಸಹಕಾರ ಸಚಿವರಾದರು. ಅನರ್ಹರು ಮರು ಆಯ್ಕೆಯಾಗುವ ತನಕ ಮಂತ್ರಿಯಾಗಬಾರದೆಂದು 2003ರಲ್ಲಿ ಸಂವಿಧಾನಕ್ಕೆ ಸೇರಿಸಿದ ನಿರ್ಬಂಧ ಉಪಚುನಾವಣೆಯಾಚೆ ಬಾಳಲಿಲ್ಲ.

ಜನತಾ ನ್ಯಾಯಾಲಯದ ತೀರ್ಪು ವಿರುದ್ಧವಾಗಿ ಬಂದರೆ ಏನಾಗುತ್ತದೆಂಬುದನ್ನು ಪಕ್ಕದ ಗೋವಿಂದರಾಜನಗರ ನೋಡಿದೆ. 2008ರಲ್ಲಿ ಅಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ವಿ. ಸೋಮಣ್ಣ ರಾಜೀನಾಮೆ ಕೊಟ್ಟು ಬಿಜೆಪಿಯಿಂದ ನಿಂತಾಗ, 2009ರ ಉಪಚುನಾವಣೆಯಲ್ಲಿ ಮತದಾರರು ಕಾಂಗ್ರೆಸ್ಸಿನ ಪ್ರಿಯಕೃಷ್ಣ ಅವರನ್ನು ಆರಿಸಿದರು. ಸೋತ ಸೋಮಣ್ಣ ವಿಧಾನ ಪರಿಷತ್ತಿನ ಬಾಗಿಲಿಂದ ಮತ್ತೆ ಮಂತ್ರಿಯಾದರು. ಗೆದ್ದರೆ ಜನಾದೇಶ, ಸೋತರೆ ಹಿತ್ತಿಲ ಬಾಗಿಲು.

ಪಕ್ಷ ಬದಲಿಸಿದ್ದು ಅನುದಾನಕ್ಕಾಗಿ, ಕ್ಷೇತ್ರದ ಅಭಿವೃದ್ಧಿಗಾಗಿ ಎಂಬುದು ಇನ್ನೊಂದು ಸಮಜಾಯಿಷಿ. ಆಡಳಿತ ಪಕ್ಷದ ಶಾಸಕರಿಗೇ ಹಣ ಹರಿಯುವುದು ಸುಳ್ಳಲ್ಲ. ಆದರೆ ಆ ಪಕ್ಷಪಾತವನ್ನು ಸದನದಲ್ಲಿ ನಿಂತು ಪ್ರಶ್ನಿಸಬೇಕಾದವರೇ ಅದರ ಫಲಾನುಭವಿಗಳ ಸಾಲಿಗೆ ಸೇರಿದರೆ ಮುಂದಿನ ಮುಖ್ಯಮಂತ್ರಿಯೂ ಅದನ್ನೇ ಮಾಡುತ್ತಾನೆ. ಪಕ್ಷ ಬಿಡದವರೂ ಇದ್ದಾರೆ: ರಾಜಾಜಿನಗರದ ಬಿಜೆಪಿಯ ಸುರೇಶ್ ಕುಮಾರ್ 2004ರಲ್ಲಿ ಸೋತರೂ ಪಕ್ಷ ಬಿಡದೆ 2008ರಲ್ಲಿ ಗೆದ್ದು ಬಂದರು. ಅವರ ರಾಜಕೀಯ ಒಪ್ಪದವರೂ ಇದನ್ನು ಒಪ್ಪಬೇಕು. ಉಳಿದಂತೆ ಎರಡೂ ಪಕ್ಷಗಳಿಗೆ ಮಾತಾಡುವ ಮುಖವಿಲ್ಲ. 2020ರಲ್ಲಿ ಮಂತ್ರಿಗಿರಿ ಕೊಟ್ಟ ಬಿಜೆಪಿಗೆ ಅಂಥದೇ ನಡೆ 2025ರಲ್ಲಿ ಪಕ್ಷದ್ರೋಹವಾಯಿತು. 2019ರಲ್ಲಿ ಎದೆ ಬಡಿದುಕೊಂಡ ಕಾಂಗ್ರೆಸ್ಸಿಗೆ 2024ರಲ್ಲಿ ಅದೇ ಶಾಸಕರ ಮತ ಸಿಹಿಯಾಯಿತು.

ಅವಧಿಯ ನಡುವೆ ಪಕ್ಷ ಬಿಟ್ಟವರು ಆ ವಿಧಾನಸಭೆ ಮುಗಿಯುವವರೆಗೆ ಯಾವ ಸದನಕ್ಕೂ ಸ್ಪರ್ಧಿಸದಂತೆ ಸಂಸತ್ತು ಕಾನೂನು ಮಾಡಬೇಕು. ಸ್ಪರ್ಧಿಸುವ ಹಕ್ಕು ಕಸಿಯಬಹುದೇ ಎನ್ನುವವರು ನೆನಪಿಡಲಿ: ಚುನಾವಣಾ ಅಕ್ರಮ ಸಾಬೀತಾದವರನ್ನು ಆರು ವರ್ಷ ಹೊರಗಿಡಲು ಈಗಲೇ ಅವಕಾಶವಿದೆ. ಆ ಕಾನೂನು ಬರುವವರೆಗೆ ಸೋಮಶೇಖರ್ ಕಾಯಬೇಕಿಲ್ಲ. 2023ರ ಮತ ಕಮಲದ ಹೆಸರಲ್ಲಿ ಬಿದ್ದದ್ದು. ಅವರು ರಾಜೀನಾಮೆ ಕೊಟ್ಟು, 2028ರ ತನಕ ಯಾರ ಟಿಕೆಟ್ಟನ್ನೂ ಕೇಳದೆ ಕೂರಲಿ.