ಮಂಗನ ಕಾಯಿಲೆಗೆ ಎಣ್ಣೆಯೊಂದೇ ಗತಿಯೇ?

ಮಲೆನಾಡಿನಲ್ಲಿ ಅಡಿಕೆ ತೋಟವಿದ್ದಲ್ಲಿ ಸೊಪ್ಪಿನ ಬೆಟ್ಟವೂ ಇರುತ್ತದೆ. ಮಳೆಗಾಲ ಕಳೆದು ಎಲೆ ಉದುರತೊಡಗಿದರೆ ಬೆಟ್ಟಕ್ಕೆ ಹೋಗಿ ದರಗು ಗುಡಿಸುವುದು, ಹೊರೆ ಕಟ್ಟಿ ತಂದು ಕೊಟ್ಟಿಗೆಗೆ ಹಾಸುವುದು ನಿತ್ಯದ ಕೆಲಸ. ದನಕ್ಕೆ ಹಾಸಿಗೆಯಾಯಿತು, ತೋಟಕ್ಕೆ ಗೊಬ್ಬರವಾಯಿತು. ಅದೇ ಹೊರೆಯಲ್ಲಿ ಎಳ್ಳಿಗಿಂತ ಚಿಕ್ಕ ಉಣುಗಿನ ಮರಿಗಳೂ ಮನೆ ಸೇರುತ್ತವೆ. ಕಚ್ಚಿದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಮೂರರಿಂದ ಎಂಟು ದಿನದೊಳಗೆ ಚಳಿಜ್ವರ, ಹಣೆ ಸಿಡಿಯುವಂಥ ತಲೆನೋವು, ಮೈಕೈ ನೋವು ಶುರುವಾಗುತ್ತದೆ. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ.

ಇದೇ ಮಂಗನ ಕಾಯಿಲೆ. ಇದಕ್ಕೆಂದೇ ಇರುವ ಔಷಧಿ ಇಂದಿಗೂ ಇಲ್ಲ. ಈಗ ಲಸಿಕೆಯೂ ಇಲ್ಲ.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು. ಹಿಂದೆಯೇ ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಎಂದು ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದರು. ಸಿಕ್ಕಿದ್ದು ಬೇರೆಯೇ ವೈರಾಣು. ಅದರ ಹತ್ತಿರದ ನೆಂಟ ಇದ್ದದ್ದು ಹಿಮ ಬೀಳುವ ರಷ್ಯಾದ ಕಾಡುಗಳಲ್ಲಿ. ನೆಂಟರಲ್ಲವೇ ಎಂದು ಆ ರಷ್ಯನ್ ರೋಗದ ಲಸಿಕೆಯನ್ನೇ ಇಲ್ಲಿನವರಿಗೂ ಕೊಟ್ಟು ನೋಡಿದರು. ಅದು ಫಲಿಸಲಿಲ್ಲ.

ಕೊನೆಗೆ ನಮ್ಮದೇ ಲಸಿಕೆ ಬಂತು. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಾಣುವನ್ನು ಬೆಳೆಸಿ, ಫಾರ್ಮಾಲಿನ್‌ನಲ್ಲಿ ನಿಷ್ಕ್ರಿಯಗೊಳಿಸಿ ತಯಾರಿಸಿದ ಈ ಲಸಿಕೆ 1990ರ ಹೊತ್ತಿಗೆ ಹಳ್ಳಿಗಳನ್ನು ತಲುಪಿತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಇಷ್ಟನ್ನೂ ತಪ್ಪದೆ ಹಾಕಿಸಿಕೊಳ್ಳುವ ಕೂಲಿಕಾರರು ಎಷ್ಟು ಮಂದಿ ಇದ್ದಾರು? ಚುಚ್ಚಿದ ಜಾಗದ ಉರಿಯೂ ಕಡಿಮೆಯದಲ್ಲ. ಒಮ್ಮೆ ತೋಳು ಊದಿಸಿಕೊಂಡವರು ಎರಡನೇ ಸಲ ಆರೋಗ್ಯ ಕಾರ್ಯಕರ್ತೆಯನ್ನು ಕಂಡರೆ ಹಿತ್ತಿಲ ದಾರಿ ಹಿಡಿಯುತ್ತಿದ್ದರು. 2005ರಿಂದ 2010ರವರೆಗಿನ ಅಂಕಿಅಂಶಗಳ ಅಧ್ಯಯನದ ಪ್ರಕಾರ ಎರಡು ಡೋಸ್‌ನಿಂದ ಸಿಕ್ಕ ರಕ್ಷಣೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9. ನಂತರದ ವರ್ಷಗಳಲ್ಲಿ ಲಸಿಕೆಯ ಶಕ್ತಿಯ ಬಗ್ಗೆಯೇ ಪ್ರಶ್ನೆ ಎದ್ದಿತು. 2022ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು.

ನಿಲ್ಲಿಸಿದ್ದು ಸರಿ. ಕೆಲಸ ಮಾಡದ ಲಸಿಕೆ ಹಾಕಿ ಜನರಲ್ಲಿ ಸುಳ್ಳು ಧೈರ್ಯ ತುಂಬುವುದು ಲಸಿಕೆ ಇಲ್ಲದ್ದಕ್ಕಿಂತ ಕೆಟ್ಟದ್ದು. ತಪ್ಪಿದ್ದು ಅದಕ್ಕೂ ಮೊದಲು. ಹಳೆಯದು ಬಡವಾಗುತ್ತಿದೆ ಎಂಬುದು ಒಂದೇ ದಿನದಲ್ಲಿ ತಿಳಿದದ್ದಲ್ಲ; ಆದರೂ ಹೊಸದನ್ನು ಸಿದ್ಧವಾಗಿ ಇಟ್ಟುಕೊಳ್ಳಲಿಲ್ಲ.

ಹೊಸದು ಆಗದ ಮಾತೇನಲ್ಲ. ಮಂಗನ ಕಾಯಿಲೆಯ ವೈರಾಣು ಕುಟುಂಬಕ್ಕೇ ಸೇರಿದ, ಉಣುಗಿನಿಂದಲೇ ಹರಡುವ ಮಿದುಳು ಜ್ವರ ಆಸ್ಟ್ರಿಯಾವನ್ನೂ ಕಾಡುತ್ತಿತ್ತು. ಅಲ್ಲಿ 1981ರಲ್ಲಿ ದೇಶವ್ಯಾಪಿ ಲಸಿಕಾ ಅಭಿಯಾನ ಶುರುವಾಯಿತು. ಬಹುಪಾಲು ಜನ ಹಾಕಿಸಿಕೊಂಡರು, ರೋಗಿಗಳ ಸಂಖ್ಯೆ ಹಲವು ಪಟ್ಟು ಇಳಿಯಿತು. ಈ ಬಗೆಯ ವೈರಾಣುವಿಗೆ ಒಳ್ಳೆಯ ಲಸಿಕೆ ಮಾಡಬಹುದು ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು? ವ್ಯತ್ಯಾಸ ಇರುವುದು ಗಿರಾಕಿಯಲ್ಲಿ. ಯುರೋಪಿನಲ್ಲಿ ಕಾಡು ಸುತ್ತುವ ಪ್ರವಾಸಿಯೂ ದುಡ್ಡು ಕೊಟ್ಟು ಲಸಿಕೆ ಹಾಕಿಸಿಕೊಳ್ಳುತ್ತಾನೆ. ಇಲ್ಲಿ ಬೇಕಿರುವುದು ದರಗು ಗುಡಿಸುವವರಿಗೆ, ಕಟ್ಟಿಗೆ ತರುವವರಿಗೆ, ಅರಣ್ಯ ಇಲಾಖೆಯ ವಾಚರ್‌ಗೆ. ಅವರನ್ನು ನಂಬಿ ಯಾವ ಕಂಪನಿಯೂ ಹಣ ಹೂಡುವುದಿಲ್ಲ. ಹಾಗಾಗಿ ಸರ್ಕಾರವೇ ಹೂಡಬೇಕು.

ಇದು ಶಿವಮೊಗ್ಗದ ಗಡಿಯೊಳಗೆ ಉಳಿದ ರೋಗವೂ ಅಲ್ಲ. 1980ರ ದಶಕದಲ್ಲಿ ಬೆಳ್ತಂಗಡಿಯ ನಿಡ್ಲೆಯ ಕಡೆ ಗೇರು ತೋಪಿಗಾಗಿ ಕಾಡು ಕಡಿದಾಗ ಅಲ್ಲಿ ಭೀಕರವಾಗಿ ಹಬ್ಬಿತು. 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿದೆ. ಇನ್ನು ಶಿವಮೊಗ್ಗ ಜಿಲ್ಲೆಯಲ್ಲೇ 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡು ಕಂಡ ಸಾವುಗಳನ್ನು ಆ ಸೀಮೆಯವರು ಮರೆತಿಲ್ಲ.

ಈಗ ಉಳಿದಿರುವುದು ಉಣುಗು ಕಚ್ಚದಂತೆ ಸವರಿಕೊಳ್ಳುವ ಡೇಪಾ ಎಣ್ಣೆ, ಬಿಸಿನೀರು, ಸೋಪು. ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಎಣ್ಣೆ ಸವರಿಕೊಳ್ಳಬೇಕು. ಬಂದ ಕೂಡಲೇ ಸ್ನಾನ ಮಾಡಿ, ಉಟ್ಟ ಬಟ್ಟೆಯನ್ನು ಬಿಸಿನೀರಿಗೆ ಹಾಕಬೇಕು. ಬಿಸಿನೀರ ಸ್ನಾನವನ್ನು ಮಲೆನಾಡಿನವರಿಗೆ ಇಲಾಖೆ ಕಲಿಸಬೇಕಿಲ್ಲ ಬಿಡಿ, ಬಚ್ಚಲೊಲೆ ಆರದ ಸೀಮೆ ಅದು. ಆದರೆ ಎಣ್ಣೆ ಸಮಯಕ್ಕೆ ಸಿಗಬೇಕಲ್ಲ? ಉಣುಗಿನ ಮರಿಗಳ ಕಾಟ ನವೆಂಬರ್‌ಗೆಲ್ಲ ಶುರುವಾಗುತ್ತದೆ. ಜನವರಿಯಲ್ಲಿ ಮೊದಲ ಸಾವು ಪತ್ರಿಕೆಯಲ್ಲಿ ಬಂದಮೇಲೆ ಬಾಟಲಿ ಹಂಚಿದರೆ ಅರ್ಧ ಹಂಗಾಮು ಕಳೆದೇಹೋಗಿರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆಯ ಕೆಲಸಕ್ಕೆ ಕೈಹಾಕಿದೆ. ಅದು ಯಾವ ಹಂತದಲ್ಲಿದೆ ಎಂಬುದನ್ನು ರಾಜ್ಯ ಸರ್ಕಾರ ಪ್ರತಿ ವರ್ಷ ಹಂಗಾಮಿಗೆ ಮೊದಲು ಗ್ರಾಮಸಭೆಗಳಲ್ಲೇ ಹೇಳಲಿ. ಡೇಪಾ ಎಣ್ಣೆ ದೀಪಾವಳಿಗೆ ಮುಂಚೆಯೇ ಮನೆಮನೆ ಸೇರಲಿ. ಓದುಗರಲ್ಲೂ ಒಂದು ಮಾತು: ತೋಟದಂಚಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ನೀವೇ ಹೂಳಲೂ ಬೇಡಿ. ಮೈ ತಣ್ಣಗಾದ ಮಂಗನನ್ನು ಬಿಟ್ಟಿಳಿದ ಉಣುಗುಗಳು ಸುತ್ತಲಿನ ದರಗಿನಲ್ಲೇ ಇರುತ್ತವೆ. ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಗೋ ಅಂದೇ ತಿಳಿಸಿ.